ಬೂಸ್ಟ್ ಮೊದಲು, ಪೆಟ್ರೋಲ್ ಆಮೇಲೆ: ಇಸಿಯು ತಡಕ್ಕೆ ನಾಲ್ಕು ಮದ್ದು

ಸಾದಾ ಎಂಜಿನ್ನಿಗೆ ಆಮೇಲೆ ಸೂಪರ್‌ಚಾರ್ಜರ್ ಕೂರಿಸಿದರೆ ಗಾಳಿ ಕಾಯುವುದಿಲ್ಲ. ಬೆಲ್ಟಿನಿಂದ ತಿರುಗಿ ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಯಂತ್ರ ಅದು, ಕಾಲು ಒತ್ತಿದರೆ ಬೂಸ್ಟ್ (ಆ ಹೆಚ್ಚುವರಿ ಗಾಳಿ ಒತ್ತಡ) ಅಲ್ಲೇ ಸಿದ್ಧ. ಕಾಯಿಸುವುದು ಪೆಟ್ರೋಲ್. ಗಾಳಿ ಒಳಗೆ ಬಂದಾಯಿತು, ಅದಕ್ಕೆ ತಕ್ಕ ಪೆಟ್ರೋಲ್ ಕೊಡಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನೂ ಮನಸ್ಸು ಮಾಡಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಎಂಜಿನ್ ಬೂಸ್ಟಿನಲ್ಲಿ ಲೀನ್ ಆಗಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ, ಓಡುತ್ತದೆ. ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್‌ಗೆ ಏಟು ಬೀಳುವುದು ಇಂಥ ಹೊತ್ತಿನಲ್ಲೇ.

ಇದಕ್ಕೆ ಜನ ಹೇಳುವ ನಾಲ್ಕು ಪರಿಹಾರಗಳನ್ನು ಒಂದೇ ಕಾರಿನಲ್ಲಿ ಒಂದಾದ ಮೇಲೊಂದು ಹಾಕಿ ನೋಡಿದ್ದೇನೆ. 1.8 ಲೀಟರಿನ ನಾಲ್ಕು ಸಿಲಿಂಡರ್, ಪೋರ್ಟ್ ಇಂಜೆಕ್ಷನ್ (ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವುದು ಸಿಲಿಂಡರಿನೊಳಗೆ ಅಲ್ಲ, ಅದಕ್ಕೆ ಗಾಳಿ ಹೋಗುವ ದಾರಿಯಲ್ಲಿ), ಮೇಲೆ ರೂಟ್ಸ್ ಮಾದರಿಯ ಈಟನ್ ಎಂ62 ಸೂಪರ್‌ಚಾರ್ಜರ್, ಬೂಸ್ಟ್ ಸುಮಾರು ಅರ್ಧ ಬಾರ್. ಪವರ್ ಎಷ್ಟು ಬಂತು ಅನ್ನುವುದು ಇಲ್ಲಿ ಬೇಡ. ನಾನು ನೋಡಿದ್ದು ಒಂದೇ ವಿಷಯ: ಬೂಸ್ಟ್ ಏರಿದ ಮೇಲೆ ಮಿಶ್ರಣ ಸರಿಯಾದ ಜಾಗಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಏನಾಗುತ್ತದೆ.

ತಡ ಒಂದಲ್ಲ, ಮೂರು

ಇದನ್ನು ಬಿಡಿಸಿ ನೋಡದೆ ಹೋಲಿಸಿದರೆ ಉಪಯೋಗವಿಲ್ಲ. ಮೊದಲನೆಯದು ನಿರ್ಧಾರದ ತಡ. ಕಾರು ನಿಧಾನಕ್ಕೆ ಓಡುವಾಗ ಇಸಿಯು ಕ್ಲೋಸ್ಡ್ ಲೂಪ್‌ನಲ್ಲಿ ಇರುತ್ತದೆ. ಅಂದರೆ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಮಿಶ್ರಣವನ್ನು 14.7ರ ಸುತ್ತ (ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್; ಅಂಕಿ ಏರಿದರೆ ಲೀನ್, ಇಳಿದರೆ ರಿಚ್) ಹಿಡಿದಿಡುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುವುದು ಆ ಮಿಶ್ರಣದಲ್ಲಿ. ಜೋರಾಗಿ ಕಾಲು ಒತ್ತಿದಾಗ ಓಪನ್ ಲೂಪ್‌ಗೆ ಹೋಗಿ, ಅಂದರೆ ಆ ಸೆನ್ಸರ್ ಬಿಟ್ಟು ತನ್ನ ಟೇಬಲ್ ನೋಡಿಕೊಂಡು, ರಿಚ್ ಮಾಡಬೇಕು. ಆದರೆ ಎಷ್ಟೋ ಸ್ಟಾಕ್ (ಕಾರಿನ ಜೊತೆಗೇ ಬಂದ) ಇಸಿಯುಗಳು ತಕ್ಷಣ ಹೋಗುವುದಿಲ್ಲ. ಥ್ರಾಟಲ್ (ಕಾಲು ಒತ್ತಿದಾಗ ತೆರೆಯುವ ಗಾಳಿ ಬಾಗಿಲು) ಅಥವಾ ಲೋಡ್ (ಎಂಜಿನ್ ಮೇಲಿನ ಹೊರೆ) ಒಂದು ಮಿತಿ ದಾಟಬೇಕು, ದಾಟಿದ ಮೇಲೂ ಒಂದು ಟೈಮರ್ ಮುಗಿಯಬೇಕು. ಸುಬಾರು ಕಾರುಗಳನ್ನು ಟ್ಯೂನ್ ಮಾಡುವವರು ಇದನ್ನು ‘ಸಿಎಲ್ ಟು ಓಎಲ್ ಡಿಲೇ’ ಅನ್ನುತ್ತಾರೆ, ಜನರಲ್ ಮೋಟಾರ್ಸ್ ಕಡೆಯವರು ‘ಪಿಇ ಡಿಲೇ’ (ಪವರ್ ಎನ್‌ರಿಚ್‌ಮೆಂಟ್ ಡಿಲೇ) ಅನ್ನುತ್ತಾರೆ. ಸಾದಾ ಎಂಜಿನ್ ಇದನ್ನು ತಡೆದುಕೊಳ್ಳುತ್ತದೆ. ಬೂಸ್ಟ್ ಇದ್ದಾಗ ಕಥೆ ಬೇರೆ.

ಎರಡನೆಯದು ಅಳತೆಯ ತಡ. ಸೆನ್ಸರ್ ಒಂದು ಕಡೆ, ಸಿಲಿಂಡರ್ ಇನ್ನೊಂದು ಕಡೆ, ನಡುವೆ ಪೈಪು, ಗಾಳಿ ತಣಿಸುವ ಇಂಟರ್‌ಕೂಲರ್, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್. ಇದರ ಮೇಲೆ ಇಸಿಯು ತನ್ನದೇ ಫಿಲ್ಟರಿಂಗ್ ಬೇರೆ ಮಾಡುತ್ತದೆ.

ಮೂರನೆಯದು ಒದ್ದೆ ಗೋಡೆಯ ತಡ. ಪೋರ್ಟ್ ಇಂಜೆಕ್ಷನ್‌ನಲ್ಲಿ ಚಿಮ್ಮಿದ ಪೆಟ್ರೋಲ್ ಎಲ್ಲ ನೇರ ಒಳಗೆ ಹೋಗುವುದಿಲ್ಲ. ಒಂದಿಷ್ಟು ಪೋರ್ಟಿನ ಗೋಡೆಗೆ, ವಾಲ್ವ್‌ನ ಹಿಂಬದಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಮ್ಯಾನಿಫೋಲ್ಡ್ ಒತ್ತಡ ಏರಿದರೆ ಆವಿಯಾಗುವುದು ಕಡಿಮೆ, ಅಂಟುವುದು ಜಾಸ್ತಿ. ಹಾಗಾಗಿ ಕಾಲು ಒತ್ತಿದ ಕ್ಷಣ ಸಿಲಿಂಡರಿಗೆ ಲೆಕ್ಕಕ್ಕಿಂತ ಕಡಿಮೆ ಸಿಗುತ್ತದೆ. ಎಂಜಿನ್ ತಣ್ಣಗಿದ್ದರೆ ಇನ್ನೂ ಕೆಟ್ಟದು.

ಈಗ ಗಾತ್ರ ನೋಡಿ. 3000 ಆರ್‌ಪಿಎಂನಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಸೈಕಲ್ 40 ಮಿಲಿಸೆಕೆಂಡ್, 6000ದಲ್ಲಿ 20. ಅಳತೆಯ ತಡ, ಒದ್ದೆ ಗೋಡೆಯ ತಡ ಇವೆಲ್ಲ ಕೆಲವು ಸೈಕಲ್‌ಗಳ ಲೆಕ್ಕ. ನಿರ್ಧಾರದ ತಡ ನನ್ನ ಕಾರಿನ ಸ್ಟಾಕ್ ಇಸಿಯುನಲ್ಲಿ ಒಂದು ಸೆಕೆಂಡಿಗೂ ಮೇಲೆ. 3000 ಆರ್‌ಪಿಎಂನಲ್ಲಿ ಒಂದು ಸೆಕೆಂಡ್ ಅಂದರೆ ಪ್ರತಿ ಸಿಲಿಂಡರಿನಲ್ಲಿ 25 ಫೈರಿಂಗ್, ನಾಲ್ಕೂ ಸೇರಿ 100. ಅಷ್ಟೂ ಬೂಸ್ಟಿನಲ್ಲಿ, 14.7ರಲ್ಲಿ. ಆದರೂ ಜನ ಗಂಟೆಗಟ್ಟಲೆ ಜಗಳ ಆಡುವುದು ಯಾವ ಇಸಿಯು ಪ್ರೊಸೆಸರ್ ವೇಗವಾಗಿದೆ ಅನ್ನುವುದರ ಮೇಲೆ!

ಅಳೆದದ್ದು ಹೇಗೆ

ಓಬಿಡಿ ಪೋರ್ಟ್ (ಇಸಿಯುನಿಂದ ಮಾಹಿತಿ ಓದುವ ಸಾಕೆಟ್) ಒಂದನ್ನೇ ನಂಬಬೇಡಿ. ಕೆ-ಲೈನ್ ಅನ್ನುವ ನಿಧಾನದ ಸಂಪರ್ಕ ಇರುವ ಹಳೆಯ ಕಾರುಗಳಲ್ಲಿ ಸೆಕೆಂಡಿಗೆ ಕೆಲವೇ ಸ್ಯಾಂಪಲ್ ಬರುತ್ತವೆ. ಲೀನ್ ಆಗಿ ವಾಪಸ್ ಬಂದಿದ್ದೇ ಗೊತ್ತಾಗುವುದಿಲ್ಲ. ನಾನು ಬೇರೆ ಲಾಗರ್ ಇಟ್ಟು ವೈಡ್‌ಬ್ಯಾಂಡ್ (ಮಿಶ್ರಣವನ್ನು ಅಂಕಿಯಲ್ಲೇ ಹೇಳುವ ಆಕ್ಸಿಜನ್ ಸೆನ್ಸರ್), ಮ್ಯಾನಿಫೋಲ್ಡ್ ಒತ್ತಡ, ಥ್ರಾಟಲ್, ಆರ್‌ಪಿಎಂ, ಇಂಜೆಕ್ಟರ್ ಪಲ್ಸ್ ಎಲ್ಲ ಒಟ್ಟಿಗೆ ಹಿಡಿದೆ. ವೈಡ್‌ಬ್ಯಾಂಡಿಗೂ ತನ್ನದೇ ತಡ ಇದೆ. ಹೊಗೆ ಅದರವರೆಗೆ ಬರಬೇಕು, ಸೆನ್ಸರ್ ಪ್ರತಿಕ್ರಿಯೆ ಕೊಡಬೇಕು. ಒಂದೇ ಆರ್‌ಪಿಎಂನಲ್ಲಿ ಹಿಡಿದು ಪೆಟ್ರೋಲನ್ನು ಥಟ್ಟನೆ ಹೆಚ್ಚಿಸಿ, ಗ್ರಾಫ್ ಯಾವಾಗ ಅಲುಗುತ್ತದೆ ಅಂತ ನೋಡಿದರೆ ಆ ತಡ ಸಿಗುತ್ತದೆ. ಅಷ್ಟನ್ನು ಗ್ರಾಫಿನಲ್ಲಿ ಹಿಂದಕ್ಕೆ ಸರಿಸಬೇಕು. ಇದನ್ನು ಮಾಡದೆ ಇಸಿಯುಗೆ ಬೈಯುವುದು ಅನ್ಯಾಯ.

ಪರೀಕ್ಷೆ ಎರಡು, ಎರಡೂ ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ನೋಡುವ ಯಂತ್ರ) ಮೇಲೆ. ಮೂರನೇ ಗೇರಿನಲ್ಲಿ 2500ರಿಂದ ಒಮ್ಮೆಲೇ ಪೂರ್ತಿ ಒತ್ತುವುದು. ಇನ್ನೊಂದು, ಅದೇ ಜಾಗದಿಂದ ಕಾಲನ್ನು ನಿಧಾನಕ್ಕೆ, ಬೂಸ್ಟ್ ಮೆಲ್ಲಗೆ ಹತ್ತುವ ಹಾಗೆ ಒತ್ತುವುದು. ಎಲ್ಲರೂ ಮೊದಲನೆಯದನ್ನು ಮಾಡುತ್ತಾರೆ. ಅಪಾಯ ಇರುವುದು ಎರಡನೆಯದರಲ್ಲಿ. ಕಡಿಮೆ ಆರ್‌ಪಿಎಂನಲ್ಲಿ ಅರ್ಧ ಥ್ರಾಟಲ್ ಸಿಕ್ಕರೂ ರೂಟ್ಸ್ ಸೂಪರ್‌ಚಾರ್ಜರ್ ಬೂಸ್ಟ್ ಕೊಟ್ಟುಬಿಡುತ್ತದೆ. ಥ್ರಾಟಲ್ ಮಿತಿ ದಾಟಿಲ್ಲ, ಟೈಮರ್ ಶುರುವೇ ಆಗಿಲ್ಲ. ಎಂಜಿನ್ ಬೂಸ್ಟಿನಲ್ಲಿ ಇದೆ ಅಂತ ಇಸಿಯುಗೆ ಗೊತ್ತೇ ಇಲ್ಲ. ಏರು ರಸ್ತೆಯಲ್ಲಿ ಎತ್ತರದ ಗೇರಿನಲ್ಲಿ ಸುಮ್ನೆ ಕಾಲಿಟ್ಟುಕೊಂಡು ಹೋದಾಗ ಆಗುವುದು ಇದೇ ಅಲ್ವಾ?

ರೈಸಿಂಗ್ ರೇಟ್ ರೆಗ್ಯುಲೇಟರ್

ಹಳೇ ಕಾಲದ ಮದ್ದು. ಬೂಸ್ಟ್ ಏರಿದ ಹಾಗೆ ಪೆಟ್ರೋಲ್ ಒತ್ತಡವನ್ನು ಅದಕ್ಕಿಂತ ಹಲವು ಪಟ್ಟು ಏರಿಸುವ ರೆಗ್ಯುಲೇಟರ್. ಎಲೆಕ್ಟ್ರಾನಿಕ್ಸ್ ಇಲ್ಲ, ಒಂದು ಡಯಾಫ್ರಾಮ್, ಒಂದು ಹೋಸ್, ಅಷ್ಟೇ. ಇದನ್ನು ನೋಡಿ ನಗುವವರು ಜಾಸ್ತಿ. ನಾನು ನಗುವುದಿಲ್ಲ, ಯಾಕೆಂದರೆ ಬೂಸ್ಟ್ ಬಂದ ಕ್ಷಣ ಪೆಟ್ರೋಲ್ ಜಾಸ್ತಿ ಮಾಡುವುದರಲ್ಲಿ ಇದು ಯಾವ ಇಸಿಯುಗೂ ಕಾಯುವುದಿಲ್ಲ. ನಿಧಾನ ಒತ್ತುವ ಪರೀಕ್ಷೆಯಲ್ಲೂ ಮೊದಲ ಕ್ಷಣ ಚೆನ್ನಾಗಿಯೇ ಇತ್ತು.

ಆಮೇಲೆ ಬಂತು ತಮಾಷೆ. ಇಸಿಯು ಇನ್ನೂ ಕ್ಲೋಸ್ಡ್ ಲೂಪ್‌ನಲ್ಲೇ ಇದೆ. ಆಕ್ಸಿಜನ್ ಸೆನ್ಸರ್ ರಿಚ್ ಅನ್ನುತ್ತದೆ, ಇಸಿಯು ಪೆಟ್ರೋಲ್ ಕತ್ತರಿಸಲು ಶುರು ಮಾಡುತ್ತದೆ. ಗ್ರಾಫಿನಲ್ಲಿ ಮಿಶ್ರಣ ರಿಚ್ ಕಡೆ ಇಳಿದು, ಮತ್ತೆ ಮೇಲೇರಿ 14.7ರ ಕಡೆ ಹೋಗಿ, ಟೈಮರ್ ಮುಗಿದ ಮೇಲೆ ಧಡ್ ಅಂತ ಅತಿ ರಿಚ್‌ಗೆ ಬೀಳುತ್ತದೆ. ಒಂದು ಕೈ ಕೊಟ್ಟಿದ್ದನ್ನು ಇನ್ನೊಂದು ಕೈ ಕಿತ್ತುಕೊಂಡ ಹಾಗೆ.

ಇನ್ನೊಂದು ಮಿತಿ ಗಣಿತದ್ದು. ಇಂಜೆಕ್ಟರ್ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಒತ್ತಡ ಎರಡು ಪಟ್ಟು ಮಾಡಿದರೆ ಪೆಟ್ರೋಲ್ 1.41 ಪಟ್ಟು ಮಾತ್ರ. ಎರಡು ಪಟ್ಟು ಪೆಟ್ರೋಲ್ ಬೇಕಾದರೆ ನಾಲ್ಕು ಪಟ್ಟು ಒತ್ತಡ ಬೇಕು, ಆ ಒತ್ತಡದಲ್ಲಿ ಪಂಪ್ ಸುಸ್ತಾಗುತ್ತದೆ. ಕಡಿಮೆ ಬೂಸ್ಟ್, ಹಳೇ ಕಾರು, ತೆರೆಯಲು ಬಾರದ ಇಸಿಯು. ಇಷ್ಟಿದ್ದರೆ ಈಗಲೂ ಇದು ನಡೆಯುತ್ತದೆ.

ಪಿಗ್ಗಿಬ್ಯಾಕ್

ಸೆನ್ಸರಿಗೂ ಇಸಿಯುಗೂ ನಡುವೆ ಕೂತು ಸಿಗ್ನಲ್ ತಿದ್ದುವ ಪೆಟ್ಟಿಗೆ. ನನ್ನ ನಾಲ್ಕರಲ್ಲಿ ಇದಕ್ಕೇ ಕೊನೆಯ ಸ್ಥಾನ, ಯಾಕೆ ಅಂತ ಬಿಡಿಸಿ ಹೇಳಬೇಕು.

ಪೆಟ್ಟಿಗೆಯ ವೇಗದಲ್ಲಿ ದೋಷ ಇಲ್ಲ. ಅದು ತೆಗೆದುಕೊಳ್ಳುವ ಕೆಲವು ಮಿಲಿಸೆಕೆಂಡ್ ಲೆಕ್ಕಕ್ಕೇ ಬರುವುದಿಲ್ಲ. ತೊಂದರೆ ಇರುವುದು ಸುಳ್ಳು ಹೇಳುವುದರಲ್ಲಿ. ದೊಡ್ಡ ಇಂಜೆಕ್ಟರ್ ಹಾಕಿದ್ದೀರಿ ಅಂದುಕೊಳ್ಳಿ. ಇಸಿಯು ಹಳೇ ಲೆಕ್ಕದಲ್ಲೇ ಪಲ್ಸ್ ಕೊಟ್ಟರೆ ಎಂಜಿನ್ ರಿಚ್ ಆಗುತ್ತದೆ. ಹಾಗಾಗಿ ಪಿಗ್ಗಿಬ್ಯಾಕ್ ಗಾಳಿಯ ಸಿಗ್ನಲನ್ನು ತಗ್ಗಿಸಿ ಕಳಿಸುತ್ತದೆ. ಪೆಟ್ರೋಲ್ ಸರಿಹೋಯಿತು. ಆದರೆ ಅದೇ ಸಿಗ್ನಲಿನಿಂದ ಇಸಿಯು ಲೋಡ್ ಕೂಡ ಲೆಕ್ಕ ಹಾಕುತ್ತದೆ. ಲೋಡ್ ಕಡಿಮೆ ಅಂದುಕೊಂಡು ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಹೊತ್ತನ್ನು) ಮುಂದೆ ತರುತ್ತದೆ, ಬೂಸ್ಟಿನಲ್ಲಿ ಬೇಕಾಗಿದ್ದು ಇದರ ಉಲ್ಟಾ. ಜೊತೆಗೆ ಓಪನ್ ಲೂಪ್‌ಗೆ ಹೋಗಲು ಲೋಡ್ ಮಿತಿ ಇದ್ದರೆ, ತಗ್ಗಿಸಿದ ಲೋಡ್ ಆ ಮಿತಿಯನ್ನು ಇನ್ನೂ ತಡವಾಗಿ ದಾಟುತ್ತದೆ. ತಡ ಕಡಿಮೆ ಮಾಡಲು ತಂದ ಸಾಮಾನು ತಡವನ್ನೇ ಉದ್ದ ಮಾಡಿತು. ನಿಧಾನ ಒತ್ತುವ ಪರೀಕ್ಷೆಯಲ್ಲಿ ಬೂಸ್ಟಿನೊಳಗೆ ಹೋದ ಮೇಲೂ ಮಿಶ್ರಣ 14.7 ಬಿಟ್ಟು ಕದಲಲಿಲ್ಲ. ಅಲ್ಲೇ ಕಾಲು ತೆಗೆದೆ.

ಆಕ್ಸಿಜನ್ ಸೆನ್ಸರ್ ಸಿಗ್ನಲನ್ನೂ ತಿದ್ದುವ, ಟೈಮಿಂಗನ್ನು ಹಿಂದಕ್ಕೆ ಎಳೆಯುವ ಪಿಗ್ಗಿಬ್ಯಾಕ್‌ಗಳು ಇವೆ. ಅವು ಇದಕ್ಕಿಂತ ವಾಸಿ. ಆದರೆ ಇಸಿಯುನ ಲಾಂಗ್ ಟರ್ಮ್ ಟ್ರಿಮ್ (ಪೆಟ್ರೋಲ್ ತಿದ್ದುಪಡಿಯ ನೆನಪು) ಇದನ್ನೆಲ್ಲ ಕಲಿತು ಮತ್ತೆ ತನ್ನ ದಾರಿಗೇ ಎಳೆಯುತ್ತದೆ. ಇವತ್ತು ಸರಿ ಇದ್ದದ್ದು ಆಮೇಲೆ ಹಾಗೇ ಇರುತ್ತದೆ ಅನ್ನುವ ಭರವಸೆ ನನಗಿಲ್ಲ.

ರೀಫ್ಲ್ಯಾಶ್

ಸ್ಟಾಕ್ ಇಸಿಯುನೊಳಗಿನ ಟೇಬಲ್‌ಗಳನ್ನೇ ಬದಲಿಸುವುದು. ಇಲ್ಲಿ ಮೊದಲ ಸಲ ರೋಗಕ್ಕೇ ಮದ್ದು ಬಿತ್ತು. ಓಪನ್ ಲೂಪ್ ಟೈಮರನ್ನು ಸೊನ್ನೆ ಮಾಡಿದೆ. ಥ್ರಾಟಲ್ ಮಿತಿಗಿಂತ ಲೋಡ್ ಮಿತಿಗೆ ಹೆಚ್ಚು ಬೆಲೆ ಕೊಟ್ಟೆ, ಬೂಸ್ಟ್ ಶುರುವಾಗುವುದಕ್ಕೆ ಸ್ವಲ್ಪ ಮೊದಲೇ ದಾಟುವ ಹಾಗೆ ಇಳಿಸಿದೆ. ಎರಡೂ ಪರೀಕ್ಷೆಗಳಲ್ಲಿ ಆ ಉದ್ದನೆಯ 14.7ರ ಗೆರೆ ಮಾಯವಾಯಿತು. ಬೂಸ್ಟ್ ಏರಿತು, ಮಿಶ್ರಣ 12ರ ಕಡೆ ಇಳಿಯಿತು, ಅಷ್ಟೇ.

ಲೋಡ್ ಮಿತಿಯನ್ನು ಕಣ್ಣು ಮುಚ್ಚಿ ಇಳಿಸಬಾರದು. ತೀರಾ ಕೆಳಗೆ ಇಟ್ಟರೆ ಹೆದ್ದಾರಿಯಲ್ಲಿ ಹಾಯಾಗಿ ಓಡುವಾಗಲೂ ಕಾರು ಕ್ಲೋಸ್ಡ್ ಲೂಪ್ ಬಿಟ್ಟು ಹೊರಗೆ ಬರುತ್ತದೆ. ಪೆಟ್ರೋಲ್ ದಂಡ, ಹೊಗೆಯೂ ಕೆಡುತ್ತದೆ. ಓಪನ್ ಲೂಪ್‌ಗೆ ಹೋಗುವ ಮಿತಿ, ಅದರಿಂದ ವಾಪಸ್ ಬರುವ ಮಿತಿ ಎರಡರ ನಡುವೆ ಅಂತರ ಇಡಿ. ಇಲ್ಲದಿದ್ದರೆ ಗಡಿಯಲ್ಲಿ ಇಸಿಯು ಆ ಕಡೆ ಈ ಕಡೆ ಓಡಾಡುತ್ತದೆ.

ಒಳಗೆ ಹೋಗುವ ಗಾಳಿ ಎಣಿಸುವ ಮಾಸ್ ಏರ್‌ಫ್ಲೋ ಸೆನ್ಸರ್ ಸೂಪರ್‌ಚಾರ್ಜರಿಗೆ ಮುಂಚೆ ಇರುವುದರಿಂದ ಅಳತೆಯ ತಡ ಉಳಿಯುತ್ತದೆ ಅಂತ ನನಗೆ ಅನುಮಾನ ಇತ್ತು. ಗ್ರಾಫ್ ಬೇರೆಯೇ ಹೇಳಿತು. ಥ್ರಾಟಲ್ ತೆರೆದ ಕ್ಷಣ ನುಗ್ಗುವ ಗಾಳಿಯಲ್ಲಿ ಒಂದು ಪಾಲು ಪೈಪು, ಇಂಟರ್‌ಕೂಲರ್ ತುಂಬಲು ಹೋಗುತ್ತದೆ. ಸೆನ್ಸರ್ ಅದನ್ನೂ ಎಣಿಸುತ್ತದೆ. ಸಿಲಿಂಡರಿಗೆ ಸೇರಿದ್ದಕ್ಕಿಂತ ಜಾಸ್ತಿ ಲೆಕ್ಕ, ಹಾಗಾಗಿ ಒಂದು ಗಳಿಗೆ ರಿಚ್. ಬೂಸ್ಟ್ ಏರುವ ಹೊತ್ತಿನಲ್ಲಿ ಈ ಕಡೆಗೆ ತಪ್ಪಿದರೆ ನನ್ನದೇನೂ ತಕರಾರಿಲ್ಲ. ಒದ್ದೆ ಗೋಡೆಯ ಲೀನ್ ಗುಂಡಿಯನ್ನೂ ಅದು ಅರ್ಧ ಮುಚ್ಚುತ್ತದೆ. ಉಳಿದದ್ದನ್ನು ಟಿಪ್-ಇನ್ ಟೇಬಲ್‌ನಲ್ಲಿ (ಕಾಲು ಒತ್ತಿದ ಕ್ಷಣದ ಹೆಚ್ಚುವರಿ ಪೆಟ್ರೋಲಿನ ಲೆಕ್ಕ) ತುಂಬಿದೆ. ಒಂದು ಎಚ್ಚರ: ಬೂಸ್ಟ್ ಬೇಡದಾಗ ಬೈಪಾಸ್ ವಾಲ್ವ್ ಬಿಡುವ ಗಾಳಿ ಸೆನ್ಸರ್ ದಾಟಿದ ಜಾಗಕ್ಕೇ ವಾಪಸ್ ಬರಬೇಕು. ಹೊರಗೆ ಬಿಟ್ಟರೆ, ಎಣಿಸಿದ ಗಾಳಿ ಹೋಯಿತು, ಪೆಟ್ರೋಲ್ ಉಳಿಯಿತು.

ಇಂಜೆಕ್ಟರ್ ಬದಲಿಸಿದರೆ ಅದರ ಡೆಡ್ ಟೈಮ್ (ಪಲ್ಸ್ ಬಂದ ಮೇಲೆ ತೆರೆದುಕೊಳ್ಳಲು ಹಿಡಿಯುವ ಹೊತ್ತು) ಟೇಬಲನ್ನೂ ಬದಲಿಸಿ. 14 ವೋಲ್ಟ್‌ನಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ಇರುತ್ತದೆ, ವೋಲ್ಟೇಜ್ ಇಳಿದರೆ ಏರುತ್ತದೆ.

ರೀಫ್ಲ್ಯಾಶಿನ ಕೊರತೆ ಅಂದರೆ ಸ್ಟಾಕ್ ಸಾಮಾನಿನ ಮಿತಿ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಏರ್‌ಫ್ಲೋ ಸೆನ್ಸರ್ 5 ವೋಲ್ಟ್ ಮುಟ್ಟಿದ ಮೇಲೆ ಅದಕ್ಕೆ ಇನ್ನಷ್ಟು ಗಾಳಿ ಕಾಣುವುದಿಲ್ಲ. ಕೆಲವು ಇಸಿಯುಗಳ ಬೀಗ ಇನ್ನೂ ಯಾರೂ ತೆರೆದಿಲ್ಲ.

ಸ್ಟ್ಯಾಂಡ್‌ಅಲೋನ್

ಸ್ಟಾಕ್ ಇಸಿಯು ತೆಗೆದು ಪೂರ್ತಿ ಬೇರೆಯದು. ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ. ನಿರ್ಧಾರದ ತಡ ಇಲ್ಲವೇ ಇಲ್ಲ, ನೀವು ಬೇಕಂತ ಇಟ್ಟರೆ ಮಾತ್ರ. ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೊ ಜೋಡಿ ಶುರು ಮಾಡಿದ ಮೆಗಾಸ್ಕ್ವರ್ಟ್‌ನಂಥ ಬೋರ್ಡುಗಳಿಂದ ಹಿಡಿದು ರೇಸ್ ಕಾರಿನ ಇಸಿಯುಗಳವರೆಗೆ ಎಲ್ಲದರಲ್ಲೂ ಥ್ರಾಟಲ್ ಎಷ್ಟು ವೇಗವಾಗಿ ತೆರೆಯಿತು ಅನ್ನುವುದರ ಮೇಲೆ ಹೆಚ್ಚುವರಿ ಪೆಟ್ರೋಲ್ ಕೊಡುವ ಸೌಲಭ್ಯ ಇದೆ. ಗಾಳಿಗಿಂತ ಮೊದಲು ಅಲುಗುವುದು ಥ್ರಾಟಲ್, ಹಾಗಾಗಿ ಇದು ಬಲು ಉಪಯುಕ್ತ. ಒಮ್ಮೆಲೇ ಒತ್ತುವ ಪರೀಕ್ಷೆಯಲ್ಲಿ ಕೊನೆಗೆ ಎಲ್ಲಕ್ಕಿಂತ ಚೊಕ್ಕ ಗ್ರಾಫ್ ಬಂದಿದ್ದು ಇದರಲ್ಲೇ.

ಆ ‘ಕೊನೆಗೆ’ ಬಹಳ ದೂರ ಇತ್ತು. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಉದ್ದನೆಯ ಹೋಸೇ ಒಂದು ತಡ. ಗಿಡ್ಡ ಮಾಡಿದರೆ ಸಿಗ್ನಲ್ ಕುಣಿಯುತ್ತದೆ, ಫಿಲ್ಟರ್ ಏರಿಸಿದರೆ ಮತ್ತೆ ತಡ. ಗಾಳಿಯ ಬಿಸಿ ಅಳೆಯುವ ಸೆನ್ಸರ್ ಇನ್ನೊಂದು ತಲೆನೋವು. ರೂಟ್ಸ್ ಸೂಪರ್‌ಚಾರ್ಜರ್ ಗಾಳಿಯನ್ನು ಬೇಗ ಕಾಯಿಸುತ್ತದೆ, ಮುಚ್ಚಿದ ತಲೆಯ ಸೆನ್ಸರ್ ನಿಧಾನಕ್ಕೆ ಬಿಸಿಯಾಗುತ್ತದೆ. ಅಷ್ಟರವರೆಗೆ ಗಾಳಿ ತಣ್ಣಗಿದೆ ಅಂದುಕೊಂಡು ಇಸಿಯು ಜಾಸ್ತಿ ಪೆಟ್ರೋಲ್ ಹಾಕುತ್ತದೆ. ಆಮೇಲೆ ಬಿಸಿ ಹಿಡಿದ ಸೆನ್ಸರ್ ತಣಿಯುವವರೆಗೆ ಉಲ್ಟಾ, ಲೀನ್. ತೆರೆದ ತಲೆಯ ಸೆನ್ಸರ್ ಹಾಕಿದ ಮೇಲೆ ಸುಧಾರಿಸಿತು. ಬೆಳಗಿನ ಕೋಲ್ಡ್ ಸ್ಟಾರ್ಟ್, ಏಸಿ ಹಾಕಿದಾಗಿನ ಐಡಲ್ ಇವನ್ನೆಲ್ಲ ಮೊದಲಿನಿಂದ ಕಟ್ಟಬೇಕು. ಕಾರು ಕಂಪನಿ ಮಾಡಿಟ್ಟಿದ್ದ ಕೆಲಸ ಎಷ್ಟು ಅಂತ ಆಗ ಗೊತ್ತಾಗುತ್ತದೆ.

ಈಗ ಕಾರಿನಲ್ಲಿ ಇರುವುದು

ರೀಫ್ಲ್ಯಾಶ್ ಮಾಡಿದ ಸ್ಟಾಕ್ ಇಸಿಯು. ಸ್ಟ್ಯಾಂಡ್‌ಅಲೋನ್ ಗೆದ್ದದ್ದು ಕೆಲವು ಸೈಕಲ್‌ಗಳಷ್ಟು ಅಂತರದಲ್ಲಿ, ದಿನಬಳಕೆಯಲ್ಲಿ ಅದು ಗೊತ್ತಾಗುವುದಿಲ್ಲ. ಬೂಸ್ಟ್ ಇನ್ನೂ ಏರಿಸುವವರಿಗೆ, ಏರ್‌ಫ್ಲೋ ಸೆನ್ಸರ್ ಸಾಲದವರಿಗೆ ಸ್ಟ್ಯಾಂಡ್‌ಅಲೋನ್ ಸರಿ. ಬೀಗ ಹಾಕಿದ ಇಸಿಯು ಇದ್ದವರು ಕಡಿಮೆ ಬೂಸ್ಟಿಗೆ ರೆಗ್ಯುಲೇಟರನ್ನೇ ನೋಡಿ, ಪಿಗ್ಗಿಬ್ಯಾಕಿಗಿಂತ ಮೊದಲು. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಇದ್ದರೆ ಇಷ್ಟು ಹೆದರಬೇಕಿಲ್ಲ. ಅದರ ಬೂಸ್ಟ್ ಆರ್‌ಪಿಎಂ ಜೊತೆ ಮೆಲ್ಲಗೆ ಏರುತ್ತದೆ, ಇಸಿಯುಗೆ ಎಚ್ಚರಗೊಳ್ಳಲು ಹೊತ್ತು ಸಿಗುತ್ತದೆ. ಮಿನಿ ಕೂಪರ್ ಎಸ್ ಆರ್53ರಂತೆ ಈಟನ್ ಎಂ45 ಜೊತೆಗೇ ಕಾರ್ಖಾನೆಯಿಂದ ಬಂದ ಕಾರುಗಳ ಇಸಿಯುಗೆ ಬೂಸ್ಟ್ ಅಂದರೆ ಏನು ಅಂತ ಮೊದಲೇ ಗೊತ್ತು. ಅಲ್ಲಿ ಬೂಸ್ಟ್ ಏರಿಸಲು ಸೂಪರ್‌ಚಾರ್ಜರಿನ ಪುಲ್ಲಿ ಚಿಕ್ಕದು ಮಾಡಿದವರು ನೋಡಬೇಕಾದದ್ದು ಟೈಮರನ್ನಲ್ಲ, ಇಂಜೆಕ್ಟರ್ ಸಾಲುತ್ತದೆಯೇ ಅನ್ನುವುದನ್ನು.