ಮೈ ಡಿಂಗ್-ಎ-ಲಿಂಗ್: ಯಾವ ರೆಕಾರ್ಡಿಂಗ್ ಕೇಳಬೇಕು?

ಈ ತುಂಟ ದ್ವಂದ್ವಾರ್ಥದ ಹಾಡು ಅಂದ್ರೆ ಎಲ್ಲರಿಗೂ ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿ ನೆನಪಾಗುತ್ತಾರೆ, ಆದರೆ ಇದನ್ನು ಬರೆದು 1952ರಲ್ಲಿ ಮೊದಲು ಹಾಡಿದ್ದು ನ್ಯೂ ಆರ್ಲಿಯನ್ಸ್‌ನ ಡೇವ್ ಬಾರ್ತಲೋಮ್ಯೂ. ಹಳೇ ರಿದಮ್ ಅಂಡ್ ಬ್ಲೂಸ್ ಇಷ್ಟವಿದ್ದರೆ ಅದನ್ನೇ ಮೊದಲು ಕೇಳಿ, ಚಿಕ್ಕದು, ಚುರುಕಾಗಿದೆ. 1954ರಲ್ಲಿ ದಿ ಬೀಸ್ ತಂಡ ಇದನ್ನೇ 'ಟಾಯ್ ಬೆಲ್' ಅಂತ ಹಾಡಿತು. 1968ರಲ್ಲಿ ಬೆರಿ ಇದೇ ಹಾಡನ್ನು ಬದಲಿಸಿ ಮಾಡಿದ 'ಮೈ ಟ್ಯಾಂಬೊರಿನ್' ಕೇಳದೆ ಬಿಟ್ಟರೂ ನಷ್ಟವಿಲ್ಲ.

ನನ್ನ ಆಯ್ಕೆ ಮಾತ್ರ 1972ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಬೆರಿ ಹಾಡಿದ ಲೈವ್ ರೆಕಾರ್ಡಿಂಗ್. ಗಂಡಸರು, ಹೆಂಗಸರು ಅಂತ ಭಾಗ ಮಾಡಿ ಬೆರಿ ಇಡೀ ಸಭಾಂಗಣವನ್ನೇ ಹಾಡಿಸುತ್ತಾರೆ, ಆ ಜನರ ನಗುವೇ ಈ ರೆಕಾರ್ಡಿಂಗಿನ ಜೀವ. ಅಮೆರಿಕದ ಪಾಪ್ ಪಟ್ಟಿಯಲ್ಲಿ ಬೆರಿಗೆ ಸಿಕ್ಕ ಒಂದೇ ಒಂದು ನಂಬರ್ 1 ಇದು. ಬ್ರಿಟನ್ನಿನಲ್ಲಿ ಅಶ್ಲೀಲತೆಯ ವಿರುದ್ಧ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ನಿಷೇಧಕ್ಕೆ ಒತ್ತಾಯಿಸಿದರೂ ಅಲ್ಲೂ ಮೊದಲ ಸ್ಥಾನಕ್ಕೇರಿತು. ಬಿಡಿ ಹಾಡಾಗಿ ಬಂದ ಸಿಂಗಲ್ ತುಂಬಾ ಕತ್ತರಿಸಿದ್ದು, ಪೂರ್ತಿ ಮಜಾ ಬೇಕಿದ್ದರೆ ಆಲ್ಬಮ್‌ನಲ್ಲಿರುವ ಉದ್ದನೆಯದನ್ನೇ ಹಾಕಿಕೊಳ್ಳಿ.