ಟ್ರಿಪಲ್ಲೋ ಕಾಂಪ್ಯಾಕ್ಟೋ: ಘಟ್ಟದ ಮೇಲೂ ಕೆಳಗೂ ಓಡಿಸಿ ನೋಡಿದ ಹೋಲಿಕೆ

ರೋಡ್ ಬೈಕ್ (ಡಾಂಬರು ರಸ್ತೆಯ ಗೇರ್ ಸೈಕಲ್) ಕೊಳ್ಳಲು ಹೊರಟ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸವಾರರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಘಟ್ಟ ಹತ್ತಬೇಕಾದವರಿಗೆ ಪೆಡಲಿನ ಬಳಿ ಮೂರು ಚೈನ್‌ರಿಂಗ್ (ಚೈನು ಕೂರುವ ಹಲ್ಲುಚಕ್ರ) ಇರುವ ಟ್ರಿಪಲ್ ಬೇಕು, ಕರಾವಳಿಯ ಸಮತಟ್ಟಿನಲ್ಲಿ ಓಡಿಸುವವರಿಗೆ ಎರಡೇ ಇರುವ ಕಾಂಪ್ಯಾಕ್ಟ್ ಸಾಕು. ಎರಡನ್ನೂ ದೇವಿಮನೆ ಘಟ್ಟದಲ್ಲಿಯೂ ಕುಮಟಾ–ಕಾರವಾರದ ಹೆದ್ದಾರಿಯಲ್ಲಿಯೂ ಬಹುಕಾಲ ಓಡಿಸಿದ ಮೇಲೆ ನನಗೆ ಕಂಡದ್ದು ಹೆಚ್ಚುಕಡಿಮೆ ಇದರ ತಿರುವುಮುರುವು.

ಹೋಲಿಸಿದ ಎರಡೂ ಬೈಕುಗಳು ಒಂದೇ ಅಳತೆಯವು. ಎರಡಕ್ಕೂ 25 ಮಿಲಿಮೀಟರಿನ ಒಂದೇ ಜಾತಿಯ ಟೈರು, ಹಿಂದೆ ಹತ್ತು ಸ್ಪೀಡಿನ ಕ್ಯಾಸೆಟ್, ಅಂದರೆ ಬೇರೆ ಬೇರೆ ಗಾತ್ರದ ಹತ್ತು ಹಲ್ಲುಚಕ್ರಗಳ ಗೊಂಚಲು. ಟ್ರಿಪಲ್‌ನಲ್ಲಿ ಮುಂದೆ 50, 39, 30 ಹಲ್ಲುಗಳ ರಿಂಗುಗಳಿದ್ದು, ಹಿಂದೆ 12ರಿಂದ 25 ಹಲ್ಲುಗಳವರೆಗಿನ ಕ್ಯಾಸೆಟ್ ಇದೆ. ಕಾಂಪ್ಯಾಕ್ಟ್‌ನಲ್ಲಿ ಮುಂದೆ 50 ಮತ್ತು 34, ಹಿಂದೆ 11ರಿಂದ 32. ಅಂಗಡಿಯವರು ಹೇಳುವ ‘ಮೂವತ್ತು ಗೇರ್’, ‘ಇಪ್ಪತ್ತು ಗೇರ್’ ಎಂಬ ಮಾತನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ, ಏಕೆಂದರೆ ಟ್ರಿಪಲ್‌ನಲ್ಲಿ ಒಂದು ರಿಂಗಿನ ಗೇರುಗಳು ಇನ್ನೊಂದರ ಮೇಲೆ ಬಂದು ಕೂರುತ್ತವೆ ಮತ್ತು ಚೈನು ತೀರಾ ಓರೆಯಾಗುವ ಕೆಲವನ್ನು ಬಳಸುವಂತೆಯೇ ಇಲ್ಲ.

ಮೊದಲು ಘಟ್ಟದ ಮಾತು. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ಸಮುದ್ರದ ದಂಡೆಯಿಂದ ಸುಮಾರು 600 ಮೀಟರ್ ಎತ್ತರಕ್ಕೆ ಏರಬೇಕು, ಮತ್ತು ಆ ಏರಿನ ದೊಡ್ಡ ಪಾಲು ಕತಗಾಲ ದಾಟಿದ ಮೇಲೆ ದೇವಿಮನೆಯ ತಿರುವುಗಳಲ್ಲಿಯೇ ಸಿಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ರಿಂಗುಗಳ ಸಂಖ್ಯೆಯಲ್ಲ, ಅತ್ಯಂತ ಹಗುರವಾದ ಗೇರಿನಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಬೈಕು ಎಷ್ಟು ದೂರ ಸಾಗುತ್ತದೆ ಎಂಬುದು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಆಗಿರುವುದರಿಂದ ಟ್ರಿಪಲ್‌ನ 30–25 ಜೋಡಿ (ಮುಂದೆ 30, ಹಿಂದೆ 25 ಹಲ್ಲು) ಒಂದು ಸುತ್ತಿಗೆ 2.52 ಮೀಟರ್ ಒಯ್ಯುತ್ತದೆ, ಕಾಂಪ್ಯಾಕ್ಟ್‌ನ 34–32 ಜೋಡಿ 2.23 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲನೆಯದರಲ್ಲಿ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹೋಗಲೇಬೇಕು, ಎರಡನೆಯದರಲ್ಲಿ 8 ಸಾಕು. ಅಂತರ ಸಣ್ಣದೆಂದು ತೋರಬಹುದು; ಆದರೆ ತಿರುವಿನ ಒಳಮಗ್ಗುಲಲ್ಲಿ ರಸ್ತೆ ಥಟ್ಟನೆ ಎದ್ದು ನಿಂತಾಗ, ಹಿಂದೆ ಲಾರಿಯೊಂದು ಗುರುಗುಟ್ಟುತ್ತಿರುವಾಗ, ಸೀಟಿನಿಂದ ಏಳದೆ ಹತ್ತಲು ಸಾಧ್ಯವಾದದ್ದು ನನಗೆ ಕಾಂಪ್ಯಾಕ್ಟ್‌ನಲ್ಲಿ ಮಾತ್ರ. ಟ್ರಿಪಲ್‌ನಲ್ಲಿ ಅದೇ ಜಾಗಗಳಲ್ಲಿ ಎದ್ದು ನಿಂತೇ ತುಳಿಯಬೇಕಾಯಿತು.

ಇದು ಟ್ರಿಪಲ್‌ಗೆ ಅನ್ಯಾಯವೆಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯೇ. ಆ ಬೈಕಿಗೆ 12–28 ಕ್ಯಾಸೆಟ್ ಹಾಕಿದರೆ 30–28 ಜೋಡಿ 2.25 ಮೀಟರಿಗೆ ಇಳಿಯುತ್ತದೆ, ಅಂದರೆ 34–32ಕ್ಕೆ ಬಹುತೇಕ ಸಮ. ಇನ್ನೊಂದು ಕಡೆಯಿಂದ ನೋಡಿದರೆ 34–28 ಜೋಡಿ ನನ್ನ 30–25ಕ್ಕೆ ಸಮ. ಕಾಂಪ್ಯಾಕ್ಟ್‌ನ ಹಿಂದೆ ನಾಲ್ಕೇ ಹಲ್ಲು ಹೆಚ್ಚಿಸಿದರೆ ಟ್ರಿಪಲ್‌ನ ಸಣ್ಣ ರಿಂಗಿನ ಲಾಭ ಕೈಗೆ ಬಂದುಬಿಡುತ್ತದೆ ಎಂದಾದರೆ, ಕೇವಲ ಘಟ್ಟಕ್ಕಾಗಿ ಮೂರನೆಯ ರಿಂಗನ್ನು ಹೊತ್ತು ತಿರುಗಲು ಕಾರಣ ಉಳಿಯುವುದಿಲ್ಲ. ರಾಮನಗುಳಿ ದಾಟಿ ಅರಬೈಲ್ ಘಟ್ಟ ಹತ್ತುವಾಗಲೂ ಇದೇ ಅನುಭವವಾಯಿತು. ಅಲ್ಲಿ ಲಾರಿಗಳ ಸಾಲೇ ದೊಡ್ಡ ತಲೆನೋವು, ಗೇರು ಆಮೇಲಿನ ಮಾತು.

ಕರಾವಳಿಗೆ ಇಳಿದರೆ ಚಿತ್ರ ಬದಲಾಗುತ್ತದೆ. ಹೆದ್ದಾರಿ 66 ಸಮತಟ್ಟು ಎನ್ನುವವರು ಅದರಲ್ಲಿ ಕಾರು ಓಡಿಸಿದವರೇ ಹೊರತು ಸೈಕಲ್ ತುಳಿದವರಲ್ಲ. ಅಘನಾಶಿನಿ, ಗಂಗಾವಳಿ ಸೇತುವೆಗಳ ಆಚೀಚೆ ರಸ್ತೆ ಅಲೆಯಲೆಯಾಗಿ ಏರಿಳಿಯುತ್ತದೆ. ಅಂಕೋಲಾ ದಾಟಿ ಕಾರವಾರದ ಕಡೆಗೆ ಹೋದರೆ ಬಿಣಗಾದ ಏರು ಎದುರಾಗುತ್ತದೆ. ಬೇಸಿಗೆಯ ಮಧ್ಯಾಹ್ನವಾದರೆ ಸಮುದ್ರದ ಗಾಳಿ ವಾಯವ್ಯದಿಂದ ಮುಖಕ್ಕೆ ಬಡಿಯುತ್ತದೆ. ಇಂತಹ ರಸ್ತೆಯಲ್ಲಿ ನನ್ನಂಥ ಸಾಮಾನ್ಯ ಸವಾರನ ವೇಗ ಗಂಟೆಗೆ 22ರಿಂದ 28 ಕಿಲೋಮೀಟರಿನ ನಡುವೆ ತೂಗಾಡುತ್ತಿರುತ್ತದೆ, ಮತ್ತು ಟ್ರಿಪಲ್‌ನ 39 ಹಲ್ಲಿನ ನಡುರಿಂಗು ಇದಕ್ಕೆಂದೇ ಮಾಡಿಟ್ಟಂತಿದೆ. ನಿಮಿಷಕ್ಕೆ 85 ಸುತ್ತಿನ ಲಯದಲ್ಲಿ ಹಿಂದಿನ 19ರಲ್ಲಿ 22 ಕಿಲೋಮೀಟರ್, 15ರಲ್ಲಿ 28ರ ಸಮೀಪ. ನಡುವೆ 17, 16 ಎಂಬ ಚಿಕ್ಕ ಮೆಟ್ಟಿಲುಗಳು. ಚೈನು ಕ್ಯಾಸೆಟ್ಟಿನ ನಡುಭಾಗದಲ್ಲಿ ನೆಟ್ಟಗೆ ಓಡುತ್ತದೆ, ಮುಂದಿನ ರಿಂಗು ಬದಲಿಸುವ ಎಡಗೈಗೆ ಗಂಟೆಗಟ್ಟಲೆ ಕೆಲಸವೇ ಇರುವುದಿಲ್ಲ.

ಕಾಂಪ್ಯಾಕ್ಟ್‌ನಲ್ಲಿ ಅದೇ ವೇಗ ಎರಡು ರಿಂಗುಗಳ ಗಡಿಯ ಮೇಲೆಯೇ ಬಂದು ಬೀಳುತ್ತದೆ. 34ರಲ್ಲಿದ್ದರೆ ಚೈನು ಹಿಂದಿನ 16, 14ರ ಕಡೆಗೆ ಹೊರಮುಖವಾಗಿ ಓರೆಯಾಗುತ್ತದೆ. 50ಕ್ಕೆ ಹಾಕಿದರೆ 20, 22ರ ಕಡೆಗೆ ಒಳಮುಖವಾಗಿ. ಗಾಳಿ ಸ್ವಲ್ಪ ತಗ್ಗಿದರೆ ದೊಡ್ಡ ರಿಂಗು, ಸೇತುವೆಯ ಏರು ಬಂದರೆ ಸಣ್ಣ ರಿಂಗು ಎಂದು ಎಡಗೈ ಆಡುತ್ತಲೇ ಇರಬೇಕು. ಅದೂ ಸುಲಭದ ಬದಲಾವಣೆಯಲ್ಲ: 50ರಿಂದ 34ಕ್ಕೆ ಒಮ್ಮೆಲೇ 16 ಹಲ್ಲು ಕುಸಿಯುವುದರಿಂದ ಕಾಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ, ಲಯ ಉಳಿಸಿಕೊಳ್ಳಲು ಅದೇ ಕ್ಷಣದಲ್ಲಿ ಬಲಗೈಯಿಂದ ಹಿಂದೆ 22ರಿಂದ 16ರವರೆಗೆ ಮೂರು ಮೆಟ್ಟಿಲು ಜರುಗಿಸಬೇಕಾಗುತ್ತದೆ. ಟ್ರಿಪಲ್‌ನಲ್ಲಿ 39ರಿಂದ 30ಕ್ಕೆ ಇಳಿದರೆ ಎರಡು ಮೆಟ್ಟಿಲು ಸಾಕು. ಅದರ ಮೇಲೆ, 11–32 ಕ್ಯಾಸೆಟ್ಟಿನಲ್ಲಿ 14ರ ನಂತರ 16 ಬರುತ್ತದೆ, ನಡುವೆ 15 ಇಲ್ಲ. ಎದುರುಗಾಳಿಯಲ್ಲಿ ನನಗೆ ಬೇಕಾಗಿದ್ದದ್ದು ಸದಾ ಆ ಇಲ್ಲದ 15. ಸಂಜೆಗೆ ಕಾರವಾರ ಮುಟ್ಟುವ ಹೊತ್ತಿಗೆ ದಣಿವಿನ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಹಾಗಿದ್ದರೂ ಟ್ರಿಪಲ್‌ನ ಪರವಾಗಿ ತೀರ್ಪು ಕೊಡಲು ನಮ್ಮ ಮಳೆಗಾಲ ಬಿಡುವುದಿಲ್ಲ. ಮುಂದಿನ ಡಿರೇಲರ್ (ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎಷ್ಟು ಒಳಗೆ, ಎಷ್ಟು ಹೊರಗೆ ಸರಿಯಬಹುದೆಂದು ತಡೆಹಿಡಿಯಲು ಎರಡು ಸ್ಕ್ರೂಗಳಿರುತ್ತವೆ. ಕಾಂಪ್ಯಾಕ್ಟ್‌ನಲ್ಲಿ ರಿಂಗುಗಳೂ ಎರಡೇ ಆದ್ದರಿಂದ ಎರಡೂ ಸ್ಥಾನಗಳಿಗೆ ಸ್ಕ್ರೂವಿನ ಆಸರೆ ಸಿಗುತ್ತದೆ. ಟ್ರಿಪಲ್‌ನ ನಡುರಿಂಗಿಗೆ ಅಂತಹ ಆಸರೆಯಿಲ್ಲ. ಡಿರೇಲರ್ ಅಲ್ಲಿ ಸರಿಯಾಗಿ ನಿಲ್ಲುವುದು ಕೇಬಲ್ಲಿನ ಬಿಗಿಯೊಂದರ ಮೇಲೆ. ಶಿರಸಿಯ ಕೆಂಪು ರಾಡಿ ಕೇಬಲ್ಲಿನ ಕೊಳವೆಯೊಳಗೆ ಹೊಕ್ಕರೆ, ಅಥವಾ ಕಾರವಾರದ ಉಪ್ಪುಗಾಳಿಗೆ ಕೇಬಲ್ ತುಕ್ಕು ಹಿಡಿದರೆ, ಮೊದಲು ಕೆಡುವುದು ಆ ನಡುಸ್ಥಾನವೇ, ಅಂದರೆ ಟ್ರಿಪಲ್‌ನ ಅತ್ಯುತ್ತಮ ಗುಣವೇ. ಚೈನು ಡಿರೇಲರಿಗೆ ಉಜ್ಜುವ ಕರ್ಕಶ ಸದ್ದು ಆಷಾಢದಿಂದ ಚೌತಿಯವರೆಗೆ ನನ್ನ ಟ್ರಿಪಲ್‌ನ ನಿತ್ಯಸಂಗಾತಿ. ಕಾಂಪ್ಯಾಕ್ಟ್ ಅಷ್ಟೇ ರಾಡಿಯಲ್ಲಿ ಓಡಿಯೂ ಇಷ್ಟು ಕಾಡಲಿಲ್ಲ.

ತೂಕದ ವಿಷಯವನ್ನು ಬೇಗ ಮುಗಿಸಬಹುದು: ಒಂದು ರಿಂಗು ಮತ್ತು ತುಸು ಉದ್ದದ ಅಚ್ಚಿನ ಹೆಚ್ಚುವರಿ ಭಾರ ನನ್ನ ಕಾಲಿಗೆ ತಿಳಿಯಲಿಲ್ಲ. ಪೆಡಲುಗಳ ನಡುವಿನ ಅಗಲ ಟ್ರಿಪಲ್‌ನಲ್ಲಿ ಕೆಲವು ಮಿಲಿಮೀಟರ್ ಹೆಚ್ಚು. ಮೊಣಕಾಲು ನೋವಿರುವವರು ಕೊಳ್ಳುವ ಮುನ್ನ ಒಂದಿಷ್ಟು ದೂರ ತುಳಿದು ನೋಡುವುದು ಒಳ್ಳೆಯದು.

ಪ್ರತಿಷ್ಠೆಯ ಪ್ರಶ್ನೆಯೂ ಒಂದಿದೆ, ಅದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಟ್ರಿಪಲ್ ಎಂದರೆ ಕಲಿಯುವವರದು ಎಂಬ ತಾತ್ಸಾರ ಈಗ ಇರುವಂತೆಯೇ ಕಾಂಪ್ಯಾಕ್ಟ್ ಬಗ್ಗೆಯೂ ಒಂದು ಕಾಲದಲ್ಲಿ ಇತ್ತು. 2003ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಕಾಲರ್ ಬೋನ್ ಮುರಿದುಕೊಂಡಿದ್ದ ಅಮೆರಿಕದ ಸವಾರ ಟೈಲರ್ ಹ್ಯಾಮಿಲ್ಟನ್ ಕಾಂಪ್ಯಾಕ್ಟ್ ಕ್ರ್ಯಾಂಕ್ ಹಾಕಿಕೊಂಡು ಓಡಿದ ಮೇಲೆ ಅದಕ್ಕೆ ಮರ್ಯಾದೆ ಬಂದಿತು. ಮಾರುಕಟ್ಟೆಯ ಗಾಳಿ ಮಾತ್ರ ನಿಜವಾದ ತೊಡಕು. ಸೈಕಲ್ಲಿನ ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿಯ 105 ಸರಣಿ 2014ರಲ್ಲಿ ಹನ್ನೊಂದು ಸ್ಪೀಡಿಗೆ ಬಂದಾಗ ಟ್ರಿಪಲ್ ಅನ್ನು ಕೈಬಿಟ್ಟಿತು. ಆ ನಂತರ ಅದು ಉಳಿದದ್ದು ಟಿಯಾಗ್ರ, ಸೋರಾ, ಕ್ಲಾರಿಸ್‌ನಂತಹ ಕೆಳಗಿನ ಸರಣಿಗಳಲ್ಲಿ. ಸವೆದ 39ರ ರಿಂಗನ್ನೋ ಮೂರು ಸ್ಥಾನದ ಎಡ ಶಿಫ್ಟರನ್ನೋ (ಗೇರು ಬದಲಿಸುವ ಹಿಡಿ) ಹುಡುಕಿಕೊಂಡು ಹುಬ್ಬಳ್ಳಿಗೆ ಹೋದರೂ ಬರಿಗೈಯಲ್ಲಿ ಮರಳುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಹೊಸದಾಗಿ ಕೊಳ್ಳುವುದಾದರೆ 11–32 ಕ್ಯಾಸೆಟ್ಟಿನ ಕಾಂಪ್ಯಾಕ್ಟ್ ಅನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ಕುಮಟಾ, ಅಂಕೋಲಾ, ಕಾರವಾರದಲ್ಲಿ ಹೆದ್ದಾರಿಯ ಮೇಲೆಯೇ ಹೆಚ್ಚು ಓಡಿಸುವವರ ಬಳಿ ಸುಸ್ಥಿತಿಯ ಟ್ರಿಪಲ್ ಇದ್ದರೆ ಅದನ್ನು ಮಾರಬೇಕಾಗಿಲ್ಲ. ಟ್ರಿಪಲ್ ಬೈಕುಗಳ ಹಿಂದಿನ ಡಿರೇಲರಿಗೆ ಉದ್ದನೆಯ ಕೇಜ್ (ಸಡಿಲ ಚೈನನ್ನು ಎಳೆದು ಹಿಡಿಯುವ ತೋಳು) ಮೊದಲೇ ಇರುವುದರಿಂದ, ಚೈನಿನ ಉದ್ದ ಸಾಲುತ್ತದೆಯೇ ಎಂದು ನೋಡಿಕೊಂಡು 12–28 ಕ್ಯಾಸೆಟ್ ಹಾಕಿಸಿದರೆ ಘಟ್ಟವನ್ನೂ ಅದೇ ಬೈಕಿನಲ್ಲಿ ಹತ್ತಬಹುದು. ಗಿಡ್ಡ ಕೇಜಿನ ಕಾಂಪ್ಯಾಕ್ಟ್ ಬೈಕಿಗೆ 32ರ ಕ್ಯಾಸೆಟ್ ಹಾಕಬಯಸುವವರು ಮಾತ್ರ ಡಿರೇಲರ್, ಚೈನು ಎರಡರ ಖರ್ಚನ್ನೂ ಮೊದಲೇ ಕೇಳಿಕೊಳ್ಳಬೇಕು: ಮುಂದಿನ 16 ಮತ್ತು ಹಿಂದಿನ 21 ಹಲ್ಲುಗಳ ಅಂತರ ಕೂಡಿ 37 ಆಗುತ್ತದೆ, ಅಷ್ಟು ಸಡಿಲ ಚೈನನ್ನು ಎಳೆದು ಹಿಡಿಯುವ ಶಕ್ತಿ ಗಿಡ್ಡ ಕೇಜಿಗೆ ಇರುವುದಿಲ್ಲ.