ಹುಮಾಯೂನನ ಸಮಾಧಿ: ದೆಹಲಿಯಲ್ಲಿ ಅರ್ಧ ದಿನ ಎತ್ತಿಡಬೇಕಾದ ಜಾಗ

ದೆಹಲಿಗೆ ಹೋದವರು ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್‌ಗಳನ್ನು ಒಂದೇ ದಿನದಲ್ಲಿ ಮುಗಿಸಿ, ಹೊತ್ತು ಉಳಿದರೆ ಮಾತ್ರ ಈ ಸಮಾಧಿಯಿರುವ ನಿಜಾಮುದ್ದೀನ್ ಕಡೆಗೆ ಬರುವುದು ರೂಢಿ. ಮೊದಲ ಸಲ ನಾನೂ ಹಾಗೆಯೇ ಬಂದಿದ್ದೆ. ಬಾಗಿಲಲ್ಲಿ ಗೊತ್ತುಮಾಡಿಕೊಂಡ ಗೈಡ್ ಒಬ್ಬರು, ಇದು ತಾಜಮಹಲಿಗೆ ನಡೆಸಿದ ಪೂರ್ವಾಭ್ಯಾಸವೆಂದು ಹೇಳಿ, ಇಪ್ಪತ್ತು ನಿಮಿಷದಲ್ಲಿ ಸುತ್ತಿಸಿ, ಹಣ ಎಣಿಸಿಕೊಂಡು ಹೊರಟುಹೋದರು. ಈ ಬಾರಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬನೇ ಇದ್ದು ನೋಡಿದ ಮೇಲೆ, ಆ ಮಾತು ಈ ಕಟ್ಟಡಕ್ಕೆ ಮಾಡುವ ಅನ್ಯಾಯವೆಂದು ಮನವರಿಕೆಯಾಯಿತು.

ಆವರಣದೊಳಗೆ ಬಂದವರು ಮೊದಲು ಬಲಗಡೆಗೆ ತಿರುಗಿ, ಶೇರ್ ಷಾ ಸೂರಿಯ ಆಸ್ಥಾನದ ಸರದಾರ ಈಸಾ ಖಾನ್ ನಿಯಾಜಿಯ ಸಮಾಧಿಯನ್ನು ನೋಡುವುದು ಒಳ್ಳೆಯದು. 1547ರ ಸುಮಾರಿಗೆ ಕಟ್ಟಿದ ಈ ಎಂಟು ಮೂಲೆಯ ಕಟ್ಟಡ ತಗ್ಗಾಗಿ, ನೆಲವನ್ನು ಅವುಚಿಕೊಂಡು ಕುಳಿತಂತಿದೆ. ಅದು ಕಣ್ಣಲ್ಲಿರುವಾಗಲೇ ಪಶ್ಚಿಮದ ಹೆಬ್ಬಾಗಿಲನ್ನು ದಾಟಿದರೆ, ಸುಮಾರು ಇಪ್ಪತ್ತೇ ವರ್ಷಗಳಲ್ಲಿ ಅದೇ ನೆಲದ ಮೇಲೆ ಕಟ್ಟುವವರ ಕಲ್ಪನೆ ಎಷ್ಟು ಎತ್ತರಕ್ಕೆ ಏರಿತೆಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ.

1556ರಲ್ಲಿ ಪುರಾನಾ ಕಿಲಾದ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ ಹುಮಾಯೂನನಿಗಾಗಿ ಅವನ ವಿಧವೆ ಕಟ್ಟಿಸಿದ ಸಮಾಧಿಯಿದು. ವಾಸ್ತುಶಿಲ್ಪಿ ಪರ್ಷಿಯಾದ ಮೀರಕ್ ಮಿರ್ಜಾ ಗಿಯಾಸ್. ಎತ್ತರ 47 ಮೀಟರ್. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತರಕ್ಕಿಂತ ಹೆಚ್ಚಾಗಿ ಕೆಂಪು ಕಲ್ಲಿನ ಗೋಡೆಯ ಮೇಲೆ ಕಮಾನು ಕಮಾನಿನ ಅಂಚಿಗೂ ಹಾಯಿಸಿರುವ ಬಿಳಿ ಅಮೃತಶಿಲೆಯ ಗೆರೆ. ದೂರದಿಂದ ಅದು ಸೀಮೆಸುಣ್ಣದಲ್ಲಿ ಎಳೆದಂತೆ ಸಪೂರ. ಹತ್ತಿರ ಹೋಗಿ ಬೆರಳಾಡಿಸಿದರೆ, ಎರಡು ಕಲ್ಲುಗಳು ಕೂಡುವ ಜಾಗ ಕಣ್ಣಿಗೆ ಕಂಡರೂ ಕೈಗೆ ಸಿಗುವುದೇ ಕಷ್ಟ. ತಾಜಮಹಲು ಇಡಿಯಾಗಿ ಬಿಳಿಯದಾಗಿರುವುದರಿಂದ ಅಲ್ಲಿ ಈ ಸುಖವಿಲ್ಲ ಎಂದರೆ ಕೆಲವರಿಗೆ ಕೋಪ ಬಂದೀತು.

ಗುಮ್ಮಟ ಎರಡು ಪದರಿನದು. ಹೊರಗಿನದು ದೂರದವರ ಕಣ್ಣಿಗಾಗಿ ಮೇಲಕ್ಕೆ ಉಬ್ಬಿದೆ. ಒಳಗಿನದು, ಕೆಳಗೆ ನಿಂತವನ ಅಳತೆಗೆ ಹೊಂದುವಂತೆ ತಗ್ಗಿದೆ. ವಿಜಯಪುರದ ಗೋಳಗುಮ್ಮಟದ ಒಳಗೆ ನಿಂತಾಗ ಆಗುವ ದಿಗಿಲು ಇಲ್ಲಿ ಆಗುವುದಿಲ್ಲ. ನಡುಕೋಣೆಯಲ್ಲಿರುವುದು ಅಲಂಕಾರವಿಲ್ಲದ ಒಂದು ಬಿಳಿ ಕಲ್ಲು. ನಿಜವಾದ ಗೋರಿ ಅದರ ಕೆಳಗೆ, ನೆಲಮಟ್ಟದಲ್ಲಿದೆ. ಪಶ್ಚಿಮದ ಜಾಲಂಧ್ರದಲ್ಲಿ ಮಿಹ್ರಾಬಿನ, ಎಂದರೆ ಮಸೀದಿಗಳಲ್ಲಿ ಮೆಕ್ಕಾದ ದಿಕ್ಕನ್ನು ತೋರುವ ಕಮಾನುಗೂಡಿನ, ಆಕೃತಿಯನ್ನು ಕೊರೆದಿರುವುದನ್ನು ತಪ್ಪದೆ ಗಮನಿಸಬೇಕು.

ಇಲ್ಲಿ ಮೆಚ್ಚಬೇಕಾದದ್ದು ಹಳಬರ ಕೆಲಸ ಮಾತ್ರವಲ್ಲ. ಇಪ್ಪತ್ತನೆಯ ಶತಮಾನದ ದುರಸ್ತಿಗಳಲ್ಲಿ ಚಾವಣಿಯ ಮೇಲೆ ಪದರ ಪದರವಾಗಿ ಸುರಿದಿದ್ದ ಸಿಮೆಂಟ್ ಕಾಂಕ್ರೀಟನ್ನು, ಸುಮಾರು 10 ಲಕ್ಷ ಕಿಲೋದಷ್ಟು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೊಡನೆ ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಕೈಗೊಂಡ ಸಂರಕ್ಷಣೆಯಲ್ಲಿ ಕಿತ್ತು ತೆಗೆದು, ಮತ್ತೆ ಸುಣ್ಣದ ಗಾರೆಯನ್ನೇ ಹಾಕಿದ್ದಾರೆ. ಚಾವಣಿಯ ಮೇಲಿನ ಛತ್ರಿಗಳೆಂಬ ಪುಟ್ಟ ಗುಮ್ಮಟದ ಮಂಟಪಗಳಿಗೆ ಬೇಕಾದ ಬಣ್ಣದ ಮೆರುಗುಹೆಂಚುಗಳನ್ನು ಮಾಡುವ, ಮರೆತೇಹೋಗಿದ್ದ ವಿದ್ಯೆಯನ್ನು ಪಕ್ಕದ ನಿಜಾಮುದ್ದೀನ್ ಬಸ್ತಿ ಎಂಬ ಜನವಸತಿಯ ಯುವಕರಿಗೆ ಕಲಿಸಿದ್ದಾರೆ. ಈ ಹೆಂಚುಗಳ ನೀಲಿ ತೀರ ಹೊಸದಾಗಿ ಹೊಳೆಯುತ್ತದೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕಟ್ಟಿದ ದಿನವೂ ಅದು ಹೊಸದಾಗಿಯೇ ಹೊಳೆದಿತ್ತು.

2024ರಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು, ಸಮಾಧಿಯ ನೋಟಕ್ಕೆ ಅಡ್ಡಬಾರದಂತೆ, ಮೆಟ್ಟಿಲುಬಾವಿಯ ಮಾದರಿಯಲ್ಲಿ ನೆಲದಡಿಯಲ್ಲಿ ಕಟ್ಟಿದ್ದಾರೆ. ಬಿಸಿಲೇರಿದ ಮೇಲೆ ಅಲ್ಲಿಗೆ ಇಳಿಯುವುದು ಅನುಕೂಲ.

ಆವರಣ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತದೆ. ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಸಮಾಧಿ ನಿಂತಿರುವ ಎತ್ತರದ ಜಗಲಿಗೆ ಹತ್ತುವ ಮೆಟ್ಟಿಲುಗಳು ಕಡಿದಾಗಿ, ಒಂದೊಂದೂ ಮೊಣಕಾಲೆತ್ತರಕ್ಕೆ ಹತ್ತಿರವಿರುವುದರಿಂದ, ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಅವರನ್ನು ಕೆಳಗೆ ಚಾರ್‌ಬಾಗಿನ, ಎಂದರೆ ನಾಲ್ಕು ಭಾಗಗಳಾಗಿ ಹಂಚಿದ ತೋಟದ, ನೀರಿನ ಕಾಲುವೆಯ ಪಕ್ಕದಲ್ಲಿ ಕೂರಿಸಬಹುದು. ಇಡೀ ಕಟ್ಟಡ ಒಂದೇ ನೋಟಕ್ಕೆ ಸಿಗುವುದೂ ಅಲ್ಲಿಂದಲೇ.